ಅಜವಾನದ ಹೂ: ಹೂವಲ್ಲದ ಒಂದು ಹೂವಿನ ಕಥೆ

📍 ಎಂ.ಕೆ. ಹುಬ್ಬಳ್ಳಿ

(ಭಾಗ 1)

ಮೊನ್ನೆ ಸ್ಟೋರಿಗೆ ಹಾಕಿದ ತಿಳಿ ನೇರಳೆ ಹೂ ನೋಡಿ "ಇದ್ಯಾವ ಹೂ ರೀ ಅಕ್ಕಾರ?" ಅಂತ ಬಹಳ ಮಂದಿ ಕೇಳಿದ್ರಿ. ಎಲ್ಲರಿಗೂ ಒಂದೇ ಸಲ ಹೇಳಿಬಿಡ್ತೀನಿ. ಇದು ಬೀ ಬಾಮ್. ಸಸ್ಯಶಾಸ್ತ್ರದವರು ಮೊನಾರ್ಡಾ ಅಂತಾರೆ. ಮೂಲ ಉತ್ತರ ಅಮೆರಿಕ, ತುಳಸಿ ಮತ್ತು ಪುದೀನಾದ ಬಳಗದ್ದು. ಆನ್‌ಲೈನ್‌ನಲ್ಲಿ ಬೀಜ ತರಿಸಿ ನಾಲ್ಕು ಕುಂಡಿಯಲ್ಲಿ ಹಾಕಿದ್ದೆ. ನಮ್ಮ ಮಳೆಗಾಲಕ್ಕೆ ಎಲೆ ಮೇಲೆ ಬೂದಿ ರೋಗ ಬಂದು ಮೂರು ಹೋದವು. ಉಳಿದ ಒಂದು, ಎರಡನೇ ವರ್ಷಕ್ಕೆ, ಐದು ಹೂ ಬಿಟ್ಟಿದೆ.

ಬೀಜದ ಪಾಕೀಟಿನ ಮೇಲೆ ಬರೆದಿತ್ತು: ಹೂವಿನ ಎಸಳು ಒಣಗಿಸಿ ಚಹಾ ಮಾಡಬಹುದು, ಜೇನಿನಲ್ಲಿ ನೆನೆಸಿಟ್ಟರೆ ಕೆಮ್ಮಿಗೆ ಆಗುತ್ತದೆ, ನೆಗಡಿಗೆ ಹಬೆ ತೆಗೆದುಕೊಳ್ಳಬಹುದು. ನಾನೂ ಖುಷಿಯಿಂದ ಒಂದು ಟೊಂಗೆ ಮುರಿದು ಆಯಿಯ ಕೈಗೆ ಕೊಟ್ಟೆ. ಆಯಿ ಅಂದರೆ ನಮ್ಮ ಅವ್ವನ ಅವ್ವ. ಎಂಬತ್ತು ದಾಟಿದೆ, ಕಣ್ಣು ಮಂಜು. ಎಲೆ ತಿಕ್ಕಿ ಮೂಗಿಗೆ ಹಿಡಿದು ಕೇಳಿದಳು:

"ಇದು ಅಜವಾನ ಅಲ್ಲೇನವಾ?"

ಅಲ್ಲ ಆಯಿ, ಅಮೆರಿಕಾದ್ದು ಅಂದೆ.

"ಎಲ್ಲೀದರ ಇರಲಿ. ವಾಸನಿ ಅಜವಾನದ್ದ."

ಆಕೆಯ ಮೂಗು ತಪ್ಪಲಿಲ್ಲ. ಎರಡರಲ್ಲೂ ಇರುವುದು ಒಂದೇ ವಸ್ತು. ಆ ವಸ್ತುವಿನ ಕಥೆ ಹುಡುಕುತ್ತ ಹೋದರೆ ಉಜ್ಜಯಿನಿ, ಪುಣೆ, ಜರ್ಮನಿ, ಅಮೆರಿಕ ಎಲ್ಲ ತಿರುಗಿ ಮತ್ತೆ ನಮ್ಮ ಮನೆಯ ತೊಟ್ಟಿಲ ಹತ್ತಿರವೇ ಬಂದು ನಿಲ್ಲುತ್ತದೆ. ಅಲ್ಲಿ ನನ್ನದೊಂದು ತಪ್ಪು ಕೂತಿದೆ. ಅದನ್ನೂ ಹೇಳೋದಿದೆ, ಆರನೇ ಭಾಗದಲ್ಲಿ.

(ಭಾಗ 2)

ಮೊದಲು ಈ ಹೆಸರಿನ ಮಾತು. ಮೊನಾರ್ಡಾ ಎಂಬ ಹೆಸರು ಬಂದದ್ದು ಸ್ಪೇನಿನ ಸೆವಿಲ್ ಊರಿನ ವೈದ್ಯ ನಿಕೊಲಾಸ್ ಮೊನಾರ್ಡೆಸ್‌ನಿಂದ. 1588ರಲ್ಲಿ ತೀರಿಕೊಂಡ. ಅಮೆರಿಕದಿಂದ ಹಡಗಿನಲ್ಲಿ ಬಂದಿಳಿಯುತ್ತಿದ್ದ ಬೇರು, ಎಲೆ, ಅಂಟುಗಳ ಔಷಧ ಗುಣದ ಬಗ್ಗೆ 1565ರಿಂದ ಪುಸ್ತಕ ಬರೆದ. ತಾನು ಮಾತ್ರ ಒಮ್ಮೆಯೂ ಅಮೆರಿಕಕ್ಕೆ ಹೋಗಲಿಲ್ಲ! ಎರಡು ಶತಮಾನ ಕಳೆದ ಮೇಲೆ ಲಿನೇಯಸ್ ಈ ಗಿಡಕ್ಕೆ ಅವನ ಹೆಸರಿಟ್ಟ.

ನನಗೆ ಇದರಲ್ಲಿ ಕುತೂಹಲ ಹುಟ್ಟಿಸಿದ್ದು ಬೇರೆ. ಅದೇ ಕಾಲಕ್ಕೆ, 1563ರಲ್ಲಿ, ನಮ್ಮ ಪಕ್ಕದ ಗೋವೆಯಲ್ಲಿ ಗಾರ್ಸಿಯಾ ಡ ಒರ್ತಾ ಎಂಬ ಪೋರ್ಚುಗೀಸ್ ವೈದ್ಯ ಹಿಂದುಸ್ತಾನದ ಔಷಧಿಗಳ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ್ದ. ಇವನು ಮಾತ್ರ ಇಲ್ಲೇ ಇದ್ದವನು, ಅಹ್ಮದನಗರದ ನಿಜಾಮಶಾಹನ ಆಸ್ಥಾನಕ್ಕೂ ಹೋಗಿಬಂದವನು. ಯುರೋಪಿನಲ್ಲಿ ಕ್ಲೂಸಿಯಸ್ ಎಂಬ ಸಸ್ಯಪಂಡಿತ ಇಬ್ಬರ ಪುಸ್ತಕವನ್ನೂ ಲ್ಯಾಟಿನ್‌ಗೆ ತಿರುಗಿಸಿದ. ಹೀಗೆ ಅಮೆರಿಕದ ಹಿತ್ತಲು ಮತ್ತು ನಮ್ಮ ಕಡೆಯ ಹಿತ್ತಲು ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕೂತವು.

ಅತ್ತ ಅಮೆರಿಕದ ಮೂಲನಿವಾಸಿಗಳು, ಓಜಿಬ್ವೆ, ಮೆನೊಮಿನಿ ಜನ, ಈ ಗಿಡದ ಎಲೆ ಹೂ ಕುದಿಸಿ ನೆಗಡಿಗೆ ಬಳಸುತ್ತಿದ್ದರು. ಅದರ ಕೆಂಪು ಹೂವಿನ ಜಾತಿಯನ್ನು ಬಿಳಿಯರು ಚಹಾದಂತೆ ಕುಡಿದರು. ಒಸ್ವೆಗೊ ಚಹಾ ಎಂಬ ಹೆಸರು ಬಂತು. ಪುಸ್ತಕ ಬರೆದವರ ಹೆಸರು ಗಿಡಕ್ಕೆ ಬಂತು. ಕುದಿಸಿ ನೋಡಿದ ಹೆಂಗಸರ ಹೆಸರು ಯಾರಿಗೂ ಬರಲಿಲ್ಲ, ಅಲ್ಲೂ ಇಲ್ಲೂ.

(ಭಾಗ 3)

ಈಗ ನಮ್ಮೂರಿಗೆ ಬನ್ನಿ. ಹೊಸಬರಿಗೆ ಹೇಳ್ತೀನಿ: ಎಂ.ಕೆ. ಹುಬ್ಬಳ್ಳಿ ಅಂದರೆ ಮುಗುಟಖಾನ ಹುಬ್ಬಳ್ಳಿ. ಮೊದಲು ಬೈಲಹೊಂಗಲ ತಾಲ್ಲೂಕು, ಈಗ ಕಿತ್ತೂರು. ಮಲಪ್ರಭೆಯ ದಂಡೆ, ಹೊಳೆಯಲ್ಲಿ ಗಂಗಾಂಬಿಕೆಯ ಐಕ್ಯ ಮಂಟಪ, ಆಚೆ ಸಕ್ಕರೆ ಕಾರ್ಖಾನೆ, ನಡುವೆ ಬೆಳಗಾವಿ–ಧಾರವಾಡ ಹೈವೇ. ಗಂಗಾಂಬಿಕೆಯ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣ ಅಂತ ಒಬ್ಬರಿದ್ದರು, ಕಸುಬಿನಿಂದಲೇ ವೈದ್ಯರು. ನಮ್ಮ ಕಡೆ ಔಷಧ ಕೊಡುವುದಕ್ಕೆ ಅಷ್ಟು ಹಳೆಯ ಮರ್ಯಾದೆ ಇದೆ.

ಮನೆಯೊಳಗಿನ ವೈದ್ಯ ಮಾತ್ರ ಹೆಂಗಸರದ್ದು. ಆಯಿಯ ಔಷಧ ಇರುತ್ತಿದ್ದದ್ದು ಎರಡು ಜಾಗದಲ್ಲಿ. ಒಂದು ಹಿತ್ತಲ ಬಚ್ಚಲ ನೀರು ಹರಿಯುವ ಕಡೆ: ತುಳಸಿ, ದೊಡ್ಡಪತ್ರಿ. ದೊಡ್ಡಪತ್ರಿಗೆ ನಮ್ಮ ಓಣಿಯಲ್ಲಿ ಅಜವಾನದ ಎಲಿ ಅಂತಲೇ ಕರೆಯೋದು. ಅದು ಅಜವಾನದ ಗಿಡ ಅಲ್ಲ, ಬಳಗವೇ ಬೇರೆ. ಆದರೆ ವಾಸನೆ ಅದರದ್ದೇ. ಇನ್ನೊಂದು ಜಾಗ ಅಡಿಗೆಮನೆಯ ಮಸಾಲಿ ಡಬ್ಬಿ: ಓಂಕಾಳು ಅಂದರೆ ಅಜವಾನ, ಜೀರಿಗೆ, ಮೆಣಸು, ಶುಂಠಿ.

ಬಾಳಂತಿ ಕೋಣೆ ಅಂದರೆ ಅಜವಾನದ ಕೋಣೆ. ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ, ಅದರ ಮೇಲೆ ಒಂದು ಚಿಟಿಕೆ ಅಜವಾನ ಉದುರಿಸಿ ಹೊಗೆ. ಬಾಳಂತಿಗೆ ಅಜವಾನ ಹಾಕಿ ಕುದಿಸಿದ ನೀರು. ಕೂಸಿನ ಹೊಟ್ಟೆ ಉಬ್ಬಿದರೆ ಅಜವಾನ ಬಟ್ಟೆಯಲ್ಲಿ ಕಟ್ಟಿ, ಹಂಚಿನ ಮೇಲೆ ಬೆಚ್ಚಗೆ ಮಾಡಿ, ಮೊದಲು ತನ್ನ ಅಂಗೈಗೆ ಒತ್ತಿ ನೋಡಿ, ಆಮೇಲೆ ಹೊಟ್ಟೆಯ ಮೇಲೆ.

ಮತ್ತೆ ಘುಟ್ಟಿ. ಬಜಿ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಒಂದೊಂದನ್ನೂ ಸಾಣೆಕಲ್ಲಿನ ಮೇಲೆ ಹಾಲು ಹಾಕಿ ತೇಯೋದು. ನೀವು ಗಮನಿಸಬೇಕಾದ್ದು ಇದನ್ನ: ಆಯಿ ಎಂದೂ "ಒಂದು ಚಮಚ" ಅನ್ನುತ್ತಿರಲಿಲ್ಲ. ಸುತ್ತು ಎಣಿಸುತ್ತಿದ್ದಳು. ಎಳೆ ಕೂಸಿಗೆ ಒಂದು ಸುತ್ತು. ತಿಂಗಳು ಬಲಿತಂತೆ ಎರಡು. ಕೂಸು ಸೊರಗಿದ್ದರೆ ಮತ್ತೆ ಒಂದಕ್ಕೆ ಇಳಿಸು. ತೂಕದ ತಕ್ಕಡಿ ಇಲ್ಲದ ಮನೆಯಲ್ಲಿ ಅದೇ ತಕ್ಕಡಿ.

ಅದಕ್ಕಂತ ಆಯಿಯ ಕಾಲ ಬಂಗಾರದ್ದು ಅನ್ನಬೇಡಿ. ಆಕೆಯ ಎರಡನೇ ಕೂಸು ಭೇದಿಯಿಂದ ಹೋಯಿತು. ಅಜವಾನದ ನೀರು ಕೊಟ್ಟಳು, ಘುಟ್ಟಿ ಹಾಕಿದಳು, ಬಂಡಿ ಕಟ್ಟಿ ಡಾಕ್ಟರ ಕಡೆ ಹೊರಡುವಷ್ಟರಲ್ಲಿ ತಡವಾಗಿತ್ತು. ಅದರ ಹೆಸರು ಇವತ್ತಿಗೂ ಆಯಿ ಬಾಯಿಂದ ಬರೋದಿಲ್ಲ.

(ಭಾಗ 4)

ಈ ವಾಸನೆಯ ಒಡೆಯ ಯಾರು? ಥೈಮಾಲ್ ಎಂಬ ಹರಳು. ಅಜವಾನದ ಕಾಳಿನಲ್ಲಿ ಅದೇ ಮುಖ್ಯ. ದೊಡ್ಡಪತ್ರಿಯಲ್ಲಿ ಅದರ ಜೊತೆಗೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅದರ ಅವಳಿಯಂಥ ಕಾರ್ವಕ್ರಾಲ್. ಬೀ ಬಾಮ್‌ನಲ್ಲೂ ಇವೇ ಎರಡು, ಜಾತಿಯಿಂದ ಜಾತಿಗೆ ಹೆಚ್ಚುಕಡಿಮೆ. ಸಮುದ್ರದ ಆಚೆಯ ಗಿಡ, ನಮ್ಮ ಬಚ್ಚಲ ಗಿಡ, ಮಸಾಲಿ ಡಬ್ಬಿಯ ಕಾಳು, ಮೂರೂ ಒಂದೇ ಮದ್ದನ್ನು ಹುಟ್ಟಿಸಿಕೊಂಡಿವೆ. ಗಿಡಕ್ಕೆ ಅದು ಬೂಷ್ಟು, ಹುಳುಗಳಿಂದ ಕಾಪಾಡುವ ಆಯುಧ.

1719ರಲ್ಲಿ ಜರ್ಮನಿಯ ಕಾಸ್ಪರ್ ನ್ಯೂಮನ್ ಥೈಮ್ ಗಿಡದ ಎಣ್ಣೆಯಲ್ಲಿ ಈ ಹರಳು ಕಂಡ. 1853ರಲ್ಲಿ ಫ್ರಾನ್ಸಿನ ಲಾಲ್‌ಮಾಂ ಅದಕ್ಕೆ ಥೈಮಾಲ್ ಎಂದು ಹೆಸರಿಟ್ಟ. ಪಠ್ಯಪುಸ್ತಕದ ಇತಿಹಾಸ ಇಷ್ಟಕ್ಕೇ ಮುಗಿಯುತ್ತದೆ.

ಆದರೆ ಅದೇ ಹೊತ್ತಿಗೆ ಉಜ್ಜಯಿನಿ ಕಡೆ ಅಜವಾನದ ಕಾಳನ್ನು ನೀರಿನಲ್ಲಿ ಹಾಕಿ ಭಟ್ಟಿ ಇಳಿಸುತ್ತಿದ್ದರು. ಎಣ್ಣೆ ತಣ್ಣಗಾದರೆ ಹರಳು ಕಟ್ಟುತ್ತಿತ್ತು. ಅದು ಪುಣೆಯ, ದಖ್ಖನ್ನಿನ ಅಂಗಡಿಗಳಿಗೆ ಬರುತ್ತಿತ್ತು. ಹೆಸರು ಅಜವಾನ್ ಕಾ ಫೂಲ್. ಅಜವಾನದ ಹೂ! ಗಿಡದಲ್ಲಿ ಬಿಡುವ ಹೂವಲ್ಲ, ಎಣ್ಣೆಯಲ್ಲಿ ಅರಳುವ ಹೂ. 1850ರ ದಶಕದಲ್ಲಿ ಸ್ಟೆನ್‌ಹೌಸ್ ಮತ್ತು ಹೇನ್ಸ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದರು: ಯುರೋಪಿನ ಥೈಮಾಲೂ ಬಜಾರಿನ ಈ ಹೂವೂ ಒಂದೇ. ಆಗ ನಮ್ಮೂರೂ ಪುಣೆಯಂತೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಬೆಳಗಾವಿಯ ಹಳೆ ಔಷಧಿ ಸಾಮಾನಿನ ಅಂಗಡಿಯಲ್ಲಿ ಇವತ್ತಿಗೂ "ಅಜವಾನ ಫೂಲ ಕೊಡ್ರಿ" ಅಂದರೆ ಸಣ್ಣ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾರೆ.

ಒಂದು ಲೆಕ್ಕ ನೋಡಿ. ಅಜವಾನದ ಕಾಳಿನಲ್ಲಿ ಎಣ್ಣೆ ನೂರಕ್ಕೆ 2ರಿಂದ 4 ಪಾಲು, ಆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಥೈಮಾಲ್. ಅಂದರೆ ಒಂದು ಗ್ರಾಂ ಕಾಳಿನಲ್ಲಿ ಸುಮಾರು 15 ಮಿಲಿಗ್ರಾಂ. ಆಯಿಯ ಚಿಟಿಕೆಯಲ್ಲಿ ಅದಕ್ಕಿಂತಲೂ ಕಡಿಮೆ. ಅದೇ ಅಂಗಡಿಯ ಹೂವಿನ ಒಂದು ಗ್ರಾಂ ಅಂದರೆ 1000 ಮಿಲಿಗ್ರಾಂ. ಹೆಸರು ಹೂ, ನೋಡಲಿಕ್ಕೆ ಕಲ್ಲುಸಕ್ಕರೆಯ ಚೂರು.

(ಭಾಗ 5)

ಈ ಹೂವಿಗೆ ಜಗತ್ತಿನ ಬೇಡಿಕೆ ಬಂದದ್ದು ಹೊಟ್ಟೆಯ ಹುಳದಿಂದ. ಕೊಕ್ಕೆಹುಳು ಬರಿಗಾಲಿನಲ್ಲಿ ಓಡಾಡುವವರ ಅಂಗಾಲಿನಿಂದ ಒಳಗೆ ಹೊಕ್ಕು, ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. 1838ರಲ್ಲಿ ಮಿಲಾನಿನ ಆಂಜೆಲೊ ದುಬಿನಿ ಅದನ್ನು ಮೊದಲು ಕಂಡ. 1879ರಲ್ಲಿ ಇಟಲಿಯವನೇ ಆದ ಕಾಮಿಲ್ಲೊ ಬೊಜ್ಜೊಲೊ ಅದಕ್ಕೆ ಥೈಮಾಲ್ ಕೊಟ್ಟು ನೋಡಿದ. 1909ರಲ್ಲಿ ರಾಕ್‌ಫೆಲರ್ 10 ಲಕ್ಷ ಡಾಲರ್ ಕೊಟ್ಟು ದಕ್ಷಿಣ ಅಮೆರಿಕ ಖಂಡದಲ್ಲಿ ಅಲ್ಲ, ಅಮೆರಿಕ ದೇಶದ ದಕ್ಷಿಣ ರಾಜ್ಯಗಳಲ್ಲಿ ಇದರ ವಿರುದ್ಧ ದೊಡ್ಡ ಅಭಿಯಾನ ನಡೆಸಿದ. ಸೋಮಾರಿಗಳು ಅಂತ ಬೈಸಿಕೊಂಡ ಬಡ ರೈತರು ನಿಜದಲ್ಲಿ ರಕ್ತವಿಲ್ಲದವರಾಗಿದ್ದರು.

ಅವರ ಔಷಧ ಕೊಡುವ ಕ್ರಮ ಓದಿ ನನಗೆ ಸಾಣೆಕಲ್ಲು ನೆನಪಾಯಿತು. ದೊಡ್ಡವರಿಗೆ ಸುಮಾರು 3–4 ಗ್ರಾಂ, ಒಂದೇ ಸಲಕ್ಕಲ್ಲ, ಪಾಲು ಮಾಡಿ. ಹಿಂದಿನ ರಾತ್ರಿ ಭೇದಿ ಉಪ್ಪು. ಅವತ್ತು ಎಣ್ಣೆ, ಬೆಣ್ಣೆ, ಸಾರಾಯಿ ಮುಟ್ಟುವಂತಿಲ್ಲ, ಯಾಕಂದರೆ ಅವುಗಳಲ್ಲಿ ಥೈಮಾಲ್ ಕರಗಿ ಮೈಗೆ ಏರಿದರೆ ಹುಳದ ಬದಲು ಮನುಷ್ಯನೇ ಹೋಗುತ್ತಾನೆ. ಹಾಗೆ ಸತ್ತವರೂ ಇದ್ದಾರೆ. ಮಕ್ಕಳಿಗೆ ಕೊಡುವಾಗ ಹುಟ್ಟಿದ ವರ್ಷ ಕೇಳುತ್ತಿರಲಿಲ್ಲ, ಕಾಣುವ ವಯಸ್ಸು ನೋಡುತ್ತಿದ್ದರು: ಹದಿನಾಲ್ಕರ ಹುಡುಗ ಸೊರಗಿ ಒಂಬತ್ತರವನಂತೆ ಕಂಡರೆ ಒಂಬತ್ತರ ಪ್ರಮಾಣ. ಕೂಸು ಸೊರಗಿದ್ದರೆ ಸುತ್ತು ಇಳಿಸು ಅಂದಳಲ್ಲ ಆಯಿ, ಅದೇ ಮಾತು.

ಆಗ ಥೈಮಾಲ್ ತಯಾರಾಗುತ್ತಿದ್ದದ್ದು ಹೆಚ್ಚಾಗಿ ಜರ್ಮನಿಯಲ್ಲಿ, ಕಾಳು ಹೋಗುತ್ತಿದ್ದದ್ದು ಹಿಂದುಸ್ತಾನದಿಂದ. ಭಟ್ಟಿಯ ಕಸುಬು ನಮ್ಮದು, ಕಾಳು ನಮ್ಮದು, ಲಾಭ ಆಚೆಯದು. ಇದು ಹೊಸ ಕಥೆಯಲ್ಲ ಬಿಡಿ. 1914ರಲ್ಲಿ ಯುದ್ಧ ಬಂತು, ದಾರಿ ಮುಚ್ಚಿತು, ಬೆಲೆ ಏರಿತು. ಅದೇ ಯುದ್ಧದಿಂದ ಮೈಸೂರು ಸಂಸ್ಥಾನದ ಶ್ರೀಗಂಧವೂ ಜರ್ಮನಿಗೆ ಹೋಗದೆ ಉಳಿದು, 1916ರಲ್ಲಿ ಬೆಂಗಳೂರಿನಲ್ಲಿ ಗಂಧದ ಎಣ್ಣೆ ಕಾರ್ಖಾನೆ ಶುರುವಾಯಿತು. ಅಮೆರಿಕದವರು ತಮ್ಮ ಥೈಮಾಲಿಗೆ ಏನು ಮಾಡಿದರು? ತಮ್ಮ ಮರಳು ಭೂಮಿಯಲ್ಲಿ ಬೆಳೆಯುವ ಒಂದು ಕಳೆಯತ್ತ ತಿರುಗಿದರು. ಅದು ಮೊನಾರ್ಡಾ ಪಂಕ್ಟಾಟಾ, ಕುಂಡಿಯಲ್ಲಿರುವ ನಮ್ಮ ಬೀ ಬಾಮ್‌ನ ಸ್ವಂತ ತಂಗಿ. ಅದನ್ನು ಬೆಳೆದು ಭಟ್ಟಿ ಇಳಿಸುವ ಬಗೆಯನ್ನು ಅವರ ಕೃಷಿ ಇಲಾಖೆ 1916ರಲ್ಲಿ ಪುಸ್ತಿಕೆ ಮಾಡಿ ಹಂಚಿತು. ಅಜವಾನ ಸಿಗದಿದ್ದಾಗ ಬೀ ಬಾಮ್! ಆಯಿ ಎಲೆ ತಿಕ್ಕಿ ಹೇಳಿದ್ದನ್ನ ಅವರು ಯುದ್ಧ ಮಾಡಿ ಕಲಿತರು.

ಆಮೇಲೆ ಬೇರೆ ಔಷಧ ಬಂದವು, ಥೈಮಾಲ್ ಕಾರ್ಖಾನೆಯಲ್ಲೇ ತಯಾರಾಗತೊಡಗಿತು. ಇವತ್ತು ಅದು ಬಾಯಿ ಮುಕ್ಕಳಿಸುವ ಬಾಟಲಿಯಲ್ಲಿದೆ. ಜೇನುಗೂಡಿನ ಉಣ್ಣೆ ಓಡಿಸಲಿಕ್ಕೂ ವಿದೇಶದ ಜೇನು ಸಾಕುವವರು ಇಡುತ್ತಾರೆ. ಗಿಡದ ಹೆಸರಿನಲ್ಲಿ ಜೇನುನೊಣ ಇರೋದು ಸುಮ್ಮನೆ ಅಲ್ಲ ಅನ್ನಬೇಕು.

(ಭಾಗ 6)

ಈಗ ನನ್ನ ತಪ್ಪು.

ಕರ್ಪೂರ, ಪುದೀನಾ ಹೂ ಅಂದರೆ ಮೆಂಥಾಲ್, ಅಜವಾನದ ಹೂ. ಈ ಮೂರು ಗಟ್ಟಿ ಹರಳನ್ನು ಸಮಸಮ ಒಂದು ಶೀಶೆಯಲ್ಲಿ ಹಾಕಿ ಅಲುಗಾಡಿಸಿದರೆ, ಒಂದು ಹನಿ ನೀರು ಹಾಕದೆ, ಬೆಂಕಿ ತೋರಿಸದೆ, ತಾವೇ ಕರಗಿ ನೀರಾಗುತ್ತವೆ. ನೋಡಲಿಕ್ಕೆ ಜಾದೂ ಇದ್ದಂಗ. ಮೂರು ವರ್ಷದ ಹಿಂದೆ, ಥಂಡಿ ದಿನಗಳಲ್ಲಿ, ನಾನು ಅದರ ವಿಡಿಯೋ ಮಾಡಿ ಹಾಕಿದೆ. "ನೆಗಡಿಗೆ ರಾಮಬಾಣ, ಅಜ್ಜಿಯ ಔಷಧ" ಅಂತ ಬರೆದೆ. ಅಜ್ಜಿಯನ್ನ ಕೇಳಿರಲಿಲ್ಲ. ಎಷ್ಟು, ಯಾರಿಗೆ, ಯಾವ ವಯಸ್ಸಿಗೆ, ಒಂದೂ ಬರೆಯಲಿಲ್ಲ. ಆವರೆಗಿನ ನನ್ನ ಪೋಸ್ಟುಗಳಲ್ಲಿ ಅದಕ್ಕೇ ಹೆಚ್ಚು ಲೈಕ್.

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅದನ್ನ ನೋಡಿ ಮನೆಯಲ್ಲೇ ಮಾಡಿದರು. ಒಂಬತ್ತು ತಿಂಗಳ ಕೂಸಿಗೆ ಮೂಗು ಕಟ್ಟಿತ್ತು. ಎದೆಗೆ, ಮೂಗಿನ ಕೆಳಗೆ ಹಚ್ಚಿ ತೊಟ್ಟಿಲಿಗೆ ಹಾಕಿದರು. ಅರ್ಧ ತಾಸಿನೊಳಗೆ ಕೂಸಿಗೆ ಫಿಟ್ಸ್ ಬಂತು. ಅಣ್ಣ ಕಾರು ತೆಗೆದ. ಬೆಳಗಾವಿ ಮುಟ್ಟುವ ತನಕ ವೈನಿ ಅಳಲಿಲ್ಲ, ಕೂಸಿನ ಬಾಯಿ ಒರೆಸುತ್ತ ಕೂತಿದ್ದರು. ದವಾಖಾನೆಯಲ್ಲಿ ಡಾಕ್ಟರು ಕೂಸನ್ನ ಎತ್ತಿಕೊಂಡವರೇ ವಾಸನೆ ಹಿಡಿದು ಕೇಳಿದರು, "ಕರ್ಪೂರ ಹಚ್ಚೀರೇನ್ರಿ?"

ಸಣ್ಣ ಕೂಸುಗಳಿಗೆ ಕರ್ಪೂರ ಚರ್ಮದಿಂದ, ಮೂಗಿನಿಂದ ಏರಿದರೂ ಫಿಟ್ಸ್ ಬರಬಹುದು. ಹೊಟ್ಟೆಗೆ ಹೋದರಂತೂ ಸ್ವಲ್ಪವೇ ಸಾಕು. ಮೆಂಥಾಲ್ ಎಳೆ ಕೂಸಿನ ಉಸಿರು ಕಟ್ಟಿಸಬಹುದು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ರಾಮಬಾಣ ಅಂತ ಬರೆದಿದ್ದೆ.

ಎರಡು ರಾತ್ರಿ ಇಟ್ಟುಕೊಂಡರು. ಹುಡುಗ ಉಳಿದ. ಈಗ ಅಂಗನವಾಡಿಗೆ ಹೋಗ್ತಾನೆ, ನನ್ನ ಬೀ ಬಾಮ್ ಕುಂಡಿಗೆ ನೀರು ಹಾಕೋದು ಅವನೇ. ವೈನಿ ನನಗೆ ಇವತ್ತಿನ ತನಕ ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಚಲೋ ಇತ್ತು. ಪೋಸ್ಟ್ ಅವತ್ತೇ ತೆಗೆದೆ, ಆದರೆ ಅದರ ವಿಡಿಯೋ ಇನ್ನೂ ಗ್ರೂಪುಗಳಲ್ಲಿ ತಿರುಗುತ್ತಿದೆ. ನಿಮ್ಮ ಫೋನಿಗೂ ಬಂದಿದ್ದರೆ ದಯಮಾಡಿ ಅಳಿಸಿ.

ಆಯಿಗೆ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದಳು.

"ಆ ಹೂ ನಮ್ಮ ಮನ್ಯಾಗೂ ಇತ್ತವಾ. ಮುತ್ಯಾ ಹಲ್ಲನೋವಿಗೆ ತರ್ತಿದ್ದ. ಅದನ್ನ ಕೂಸಿನ ಕ್ವಾಣ್ಯಾಗ ತರಾಕ ಬಿಡ್ತಿರಲಿಲ್ಲ ನಾನು. ಎಲಿ ಬ್ಯಾರೆ, ಹೂ ಬ್ಯಾರೆ."

14ನೇ ಶತಮಾನದಲ್ಲಿ ಮಂಗರಾಜ 'ಖಗೇಂದ್ರಮಣಿದರ್ಪಣ' ಎಂಬ ವಿಷವೈದ್ಯದ ಗ್ರಂಥವನ್ನು ಕನ್ನಡದಲ್ಲೇ ಬರೆದ. ಹಾವು ಚೇಳಿನ ವಿಷದ ಜೊತೆ ಗಿಡಮರಗಳ ವಿಷಕ್ಕೂ ಅದರಲ್ಲಿ ಜಾಗ ಕೊಟ್ಟ. ಗಿಡದ್ದು ಅಂದಮೇಲೆ ಏನೂ ಆಗಲ್ಲ ಅನ್ನೋ ಮಾತು ನಮ್ಮ ಹಳಬರದ್ದಲ್ಲ. ನಮ್ಮ ಕಾಲದ್ದು, ನನ್ನಂಥವರದ್ದು.

(ಭಾಗ 7)

ಹಂಗಾದರೆ ಈಗ ಮನೆಯಲ್ಲಿ ಏನು ಮಾಡ್ತೀರಿ ಅಂತ ಕೇಳ್ತೀರಿ.

ದೊಡ್ಡವರಿಗೆ ಕೆಮ್ಮು ಬಂದರೆ ದೊಡ್ಡಪತ್ರಿಯ ಎರಡು ಮೂರು ಎಲೆ ಹಂಚಿನ ಮೇಲೆ ಬಾಡಿಸಿ, ರಸ ಹಿಂಡಿ, ಚೂರು ಬೆಲ್ಲ. ಹೊಟ್ಟೆ ಉಬ್ಬರಕ್ಕೆ ಒಂದು ಲೋಟ ನೀರಿಗೆ ಒಂದು ಚಿಟಿಕೆ ಅಜವಾನ ಕುದಿಸಿ. ಬೀ ಬಾಮ್ ಹೂವಿನ ಎಸಳು ನಾಲ್ಕೈದು ಬಿಸಿನೀರಿಗೆ ಹಾಕಿ ಮುಚ್ಚಿಟ್ಟು ನಾನೊಬ್ಬಳೇ ಕುಡಿದೆ. ಬಾಯಲ್ಲಿ ಅಜವಾನ, ಸ್ವಲ್ಪ ಖಾರ, ಕೊನೆಗೆ ಒಗರು. ಗಂಟಲಿಗೆ ಹಿತ ಅನ್ನಿಸಿತು. ಇದಕ್ಕಿಂತ ಹೆಚ್ಚು ಹೇಳಲಾರೆ. ಬಸುರಿಯರಿಗೆ ಕೊಡೋದಿಲ್ಲ.

ಕೂಸುಗಳ ವಿಷಯದಲ್ಲಿ ಆಯಿಯ ಮಾತನ್ನೂ ಪೂರಾ ಕೇಳೋದಿಲ್ಲ ನಾನು. ಆಕೆ ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುತ್ತಿದ್ದಳು. ವರ್ಷ ತುಂಬುವ ತನಕ ಜೇನು ಬೇಡ ಅಂತಾರೆ ಡಾಕ್ಟರು, ಅದರಲ್ಲಿರುವ ಒಂದು ಬಗೆಯ ಬೀಜಾಣು ಕೂಸಿನ ಕರುಳಿನಲ್ಲಿ ವಿಷ ಮಾಡಬಲ್ಲದು. ಆರು ತಿಂಗಳ ತನಕ ತಾಯಿಹಾಲು ಬಿಟ್ಟು ಬೇರೆ ಏನೂ ಬೇಡ, ಘುಟ್ಟಿಯೂ ಸೇರಿ. ಇದನ್ನ ಆಯಿಗೆ ಹೇಳಿದಾಗ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ ತಾನೇ ಬಂದು ಕೇಳಿದಳು: "ನನ್ನ ಕಾಲಕ್ಕ ಇದನ್ನ ಯಾರರ ಹೇಳಿದ್ರ, ಆ ಕೂಸು ಉಳೀತಿತ್ತೇನವಾ?" ಭೇದಿಗೆ ಉಪ್ಪು ಸಕ್ಕರೆಯ ನೀರು ಕುಡಿಸಿದ್ದರೆ ಉಳಿಯಬಹುದಿತ್ತೋ ಏನೋ. ನಾನು ಉತ್ತರ ಕೊಡಲಿಲ್ಲ.

ಬೀ ಬಾಮ್ ಬೀಜ ಕೇಳಿದವರಿಗೆ: ಹೂ ಒಣಗಿ ತಲೆ ಕಂದು ಬಣ್ಣಕ್ಕೆ ತಿರುಗಬೇಕು, ಇನ್ನೂ ಮೂರು ವಾರ. ಊರಿನವರು ಮನೆಗೇ ಬರ್ರಿ. ಜೊತೆಗೆ ದೊಡ್ಡಪತ್ರಿಯ ಟೊಂಗೆ ಕೊಡ್ತೀನಿ, ಎಲ್ಲಿ ಚುಚ್ಚಿದರೂ ಬೇರು ಬಿಡುತ್ತೆ, ಬೂದಿ ರೋಗದ ಗೊಡವೆ ಇಲ್ಲ.

ಕೊನೆಯ ಫೋಟೋ ಆಯಿಯ ಸಾಣೆಕಲ್ಲು. ನಡುವೆ ತಗ್ಗು ಬಿದ್ದಿದೆ ನೋಡಿ, ಅಷ್ಟು ತೇದಿದ್ದಾಳೆ. ಈಗ ಅದರ ಮೇಲೆ ಗಂಧ ತೇಯ್ತಾಳೆ, ಸಂಜೆ, ಎರಡೇ ಸುತ್ತು.

#ಎಂಕೆಹುಬ್ಬಳ್ಳಿ #ಕಿತ್ತೂರು #ಮಲಪ್ರಭಾ #ದೊಡ್ಡಪತ್ರಿ #ಅಜವಾನ #ಮನೆಮದ್ದು